ತುಕ್ಕಿನೊಳಗಿನ ಸಾಕ್ಷ್ಯ: ತುಂಗಭದ್ರೆಯ ದಡದ ಪ್ರಾಚೀನ ಕಬ್ಬಿಣ ಮತ್ತು ಅದರ ಸಂರಕ್ಷಣೆ

ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ದಖ್ಖನಿನ ಕಲ್ಲುಗೋರಿಗಳನ್ನು ಕುರಿತ 1862ರ ಪ್ರಬಂಧದ ಶೀರ್ಷಿಕೆಯಲ್ಲೇ ಅವನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ಆ ನಂಟನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೂ ಕೆಲ್ಟರೊಂದಿಗೆ ಗುರುತಿಸಲಾಗುವ ಆಸ್ಟ್ರಿಯದ ಹಾಲ್‌ಸ್ಟಾಟ್ ಸಮಾಧಿಯ ಕತ್ತಿಯನ್ನೂ ನಮ್ಮ ಬೃಹತ್ ಶಿಲಾಸಮಾಧಿಯ ಕತ್ತಿಯನ್ನೂ ತಿನ್ನುವ ತುಕ್ಕಿನ ರಸಾಯನ ಒಂದೇ.

ರಾಣೆಬೆನ್ನೂರಿನ ದಕ್ಷಿಣಕ್ಕೆ, ಇಂದಿನ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದಲ್ಲಿರುವ ಹಳ್ಳೂರನ್ನು ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದರು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದ ಮಾರ್ಟಿಮರ್ ವೀಲರ್, ಕಬ್ಬಿಣ ಬಳಸಿದ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದ. ಹಳ್ಳೂರಿನ ರೇಡಿಯೋಕಾರ್ಬನ್ ಕಾಲಗಣನೆ ಇಲ್ಲಿನ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಈ ಕಬ್ಬಿಣ ಸಿಕ್ಕಿದ್ದು ಗೋರಿಯಲ್ಲಲ್ಲ, ನವಶಿಲಾಯುಗದವರೂ ಕಬ್ಬಿಣ ಬಳಸಿದವರೂ ಬೆರೆತಂತೆ ಕಾಣುವ ವಸತಿಯ ಪದರದಲ್ಲಿ. ಕಾಲನಿರ್ಣಯವೂ ಆ ಪದರದ್ದೇ ಹೊರತು ಲೋಹದ್ದಲ್ಲ. ಹೀಗಾಗಿ ವಸ್ತುವಿಗೆ ಅಂಟಿದ ಮಣ್ಣು ಮತ್ತು ಅದು ಸಿಕ್ಕ ಪದರವನ್ನು ಹೇಳುವ ಚೀಟಿ ವಸ್ತುವಿನಷ್ಟೇ ಮುಖ್ಯ.

ಮಣ್ಣಿನಿಂದ ಬಂದ ಬಾಣದ ಮೊನೆ ಮೊದಲ ನೋಟಕ್ಕೆ ಕಂದು ಹೆಂಟೆ. ಅದರ ಮೂಲ ಮೇಲ್ಮೈ ಎಷ್ಟೋ ವೇಳೆ ಉಳಿದ ಲೋಹದ ಮೇಲಿರುವುದಿಲ್ಲ, ತುಕ್ಕಿನ ಪದರಗಳ ನಡುವೆಯೇ ಇರುತ್ತದೆ. ಹಿಡಿಯ ಮರದ ಎಳೆ, ಸುತ್ತಿದ ಬಟ್ಟೆಯ ನೇಯ್ಗೆ ತುಕ್ಕಿನಲ್ಲಿ ಖನಿಜವಾಗಿ ಉಳಿದಿರಬಹುದು. ತಂತಿಬ್ರಷ್ಷಿನಿಂದ ಉಜ್ಜಿ ಹೊಳಪು ತಂದರೆ ಆಕಾರವೂ ಹೋಯಿತು, ಸಾಕ್ಷ್ಯವೂ ಹೋಯಿತು. ಅಪಾಯ ಅಷ್ಟಕ್ಕೇ ಮುಗಿಯದು. ನೆಲದ ಉಪ್ಪಿನ ಕ್ಲೋರೈಡ್ ಒಳಗೆ ಲೋಹದ ಅಂಚಿನಲ್ಲಿ ಕೂಡಿರುತ್ತದೆ. ಅಗೆದ ಮೇಲೆ ಗಾಳಿ, ತೇವ ತಾಗಿದರೆ ಅಲ್ಲಿ ಅಕಗಾನೈಟ್ ಎಂಬ ಹೊಸ ಖನಿಜ ಬೆಳೆದು ಉಬ್ಬುತ್ತದೆ. ಮೇಲಿನ ಚಕ್ಕೆಗಳು ಸಿಡಿದು ಬೀಳುತ್ತವೆ. ಸಾವಿರಾರು ವರ್ಷ ಮಣ್ಣಿನಲ್ಲಿ ತಾಳಿದ್ದು ಕಪಾಟಿನಲ್ಲಿ ಕೆಲವೇ ಮಳೆಗಾಲಗಳಿಗೆ ಪುಡಿಯಾಗುವುದು ಹೀಗೆ.

ಕ್ಲೋರೈಡ್ ತೆಗೆಯಲು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ನೆನೆಸುವ ವಿಧಾನವನ್ನು 1975ರಲ್ಲಿ ನಾರ್ತ್ ಮತ್ತು ಪಿಯರ್ಸನ್ ಸಮುದ್ರದಿಂದ ಎತ್ತಿದ ಕಬ್ಬಿಣಕ್ಕಾಗಿ ಮುಂದಿಟ್ಟರು. ಸಮಾಧಿಯ ಕಬ್ಬಿಣಕ್ಕೂ ಅದು ನಡೆಯುತ್ತದೆ, ಆದರೆ ಮರ, ಬಟ್ಟೆಯ ಕುರುಹುಗಳನ್ನು ಕೆಡಿಸಬಹುದು. ಹಿಂದೆ ಬಳಕೆಯಲ್ಲಿದ್ದ, ಹೈಡ್ರೋಜನ್ನಿನಲ್ಲಿ ಹೆಚ್ಚು ಬಿಸಿಗೆ ಕಾಯಿಸುವ ಕ್ರಮವಂತೂ ಕಮ್ಮಾರನ ಕೈಚಳಕ ದಾಖಲಾಗಿರುವ ಲೋಹದ ಒಳರಚನೆಯನ್ನೇ ಬದಲಿಸುತ್ತದೆ. ಆದ್ದರಿಂದ ಮೊದಲು ಎಕ್ಸ್‌ರೇ, ಬಳಿಕ ಸೂಕ್ಷ್ಮದರ್ಶಕದಡಿ ಚಾಕುವಿನ ಕೆಲಸ, ದ್ರಾವಣ ಅಗತ್ಯವಿದ್ದರೆ ಮಾತ್ರ.

ಉಳಿದದ್ದು ದಾಸ್ತಾನು. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಶೀತಲಗೃಹಗಳಿವೆ. ಕಬ್ಬಿಣಕ್ಕೆ ಬೇಕಾದದ್ದು ತಂಪಲ್ಲ, ಒಣಹವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಸಾಪೇಕ್ಷ ಆರ್ದ್ರತೆಯನ್ನು ಶೇ. 15ಕ್ಕಿಂತ ಕೆಳಗೆ ಹಿಡಿದರೆ ಈ ಸಿಡಿತ ಬಹುಮಟ್ಟಿಗೆ ನಿಲ್ಲುತ್ತದೆ. ಖರ್ಚೂ ದೊಡ್ಡದಲ್ಲ. ಉತ್ಖನನದ ಅಂದಾಜುಪಟ್ಟಿಯಲ್ಲಿ ಡಬ್ಬಿ, ಜೆಲ್, ಎಕ್ಸ್‌ರೇಗಳಿಗೆ ಅಗೆತದ ಕೂಲಿಯ ಜೊತೆಯಲ್ಲೇ ಹಣ ತೆಗೆದಿರಿಸಬೇಕು. ಅದಿಲ್ಲದ ಯೋಜನೆಗೆ ಗೋರಿ ತೆರೆಯುವ ಅನುಮತಿ ಕೊಡಬಾರದು.