ಸೈಕಲ್‌ಗೆ ಆರ್‌ಸಿ ಇಲ್ಲ, ನಂಬರ್ ಪ್ಲೇಟೂ ಇಲ್ಲ: ನಗರದಲ್ಲಿ ಕಳ್ಳರಿಂದ ಕಾಪಾಡಿಕೊಳ್ಳುವುದು ಹೇಗೆ?

ಮುಂಬೈನಲ್ಲಿ ಲೋಕಲ್ ರೈಲು ಹಿಡಿಯಲು ಸ್ಟೇಷನ್‌ವರೆಗೆ, ಪುಣೆಯಲ್ಲಿ ಕಾಲೇಜಿಗೆ, ದೆಹಲಿಯಲ್ಲಿ ಮೆಟ್ರೋ ನಿಲ್ದಾಣಕ್ಕೆ, ಚೆನ್ನೈ ಮತ್ತು ಹೈದರಾಬಾದ್‌ನಲ್ಲಿ ಕಚೇರಿಗೆ ಸೈಕಲ್ ತುಳಿದು ಹೋಗುವವರು ಇಂದಿಗೂ ಸಾಕಷ್ಟಿದ್ದಾರೆ. ಡಬ್ಬಾವಾಲಾ, ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿಯ ಸೆಕ್ಯೂರಿಟಿ ಗಾರ್ಡ್ ಇವರಿಗೆಲ್ಲ ಸೈಕಲ್ ಎಂದರೆ ಹೊಟ್ಟೆಪಾಡು. ಅದು ಕಳವಾದರೆ ಮರುದಿನದ ಕೆಲಸವೇ ನಿಂತುಹೋಗುತ್ತದೆ.

ಬೈಕ್ ಅಥವಾ ಕಾರು ಕಳವಾದರೆ ನೋಂದಣಿ ಸಂಖ್ಯೆ ಹಿಡಿದು ಹುಡುಕಬಹುದು. ಸೈಕಲ್‌ಗೆ ಆ ಸೌಲಭ್ಯವಿಲ್ಲ. ಮೋಟಾರು ವಾಹನ ಕಾಯ್ದೆ ಅದಕ್ಕೆ ಅನ್ವಯಿಸದ ಕಾರಣ ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ಹಾಗಾಗಿ ಸೈಕಲ್ ಮಾಲೀಕರು ಎರಡು ಕೆಲಸ ಮಾಡಿಕೊಳ್ಳಬೇಕಾಗುತ್ತದೆ. ಒಂದು, ಕಳ್ಳನಿಗೆ ಸುಲಭವಾಗಿ ಸಿಗದಂತೆ ಬೀಗ ಹಾಕುವುದು. ಇನ್ನೊಂದು, ಕಳವಾದರೆ "ಇದು ನನ್ನದೇ" ಎಂದು ತೋರಿಸಲು ದಾಖಲೆ ಇಟ್ಟುಕೊಳ್ಳುವುದು. ಹೆಚ್ಚಿನವರು ಮೊದಲನೆಯದನ್ನು ಅರ್ಧ ಮಾಡುತ್ತಾರೆ, ಎರಡನೆಯದನ್ನು ಮರೆತೇ ಬಿಡುತ್ತಾರೆ.

ಯಾವ ಬೀಗ ಎಷ್ಟು ಗಟ್ಟಿ?

ಒಡೆಯಲಾಗದ ಬೀಗ ಎಂಬುದಿಲ್ಲ. ಬೀಗದ ಕೆಲಸ ಕಳ್ಳನ ಸಮಯ ತಿನ್ನುವುದು, ಸದ್ದು ಮಾಡಿಸುವುದು.

* ರಿಂಗ್ ಲಾಕ್: ಹಿಂದಿನ ಚಕ್ರಕ್ಕೆ ಕಂಪನಿಯಿಂದಲೇ ಬರುವ ಬೀಗ. ಇದು ಚಕ್ರ ತಿರುಗದಂತೆ ತಡೆಯುತ್ತದೆ ಅಷ್ಟೆ. ಸೈಕಲನ್ನು ಎತ್ತಿ ಟೆಂಪೋಗೆ ಹಾಕಿಕೊಂಡರೆ ತಡೆಯುವವರಿಲ್ಲ. ಹಾಲಿನ ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸಲು ಸಾಕು, ಇಡೀ ದಿನಕ್ಕೆ ಸಾಲದು.
* ಕೇಬಲ್ ಲಾಕ್: ಬಣ್ಣದ ಪ್ಲಾಸ್ಟಿಕ್ ಹೊದಿಕೆ ದಪ್ಪವಾಗಿ ಕಂಡರೂ ಒಳಗಿರುವುದು ತೆಳು ಉಕ್ಕಿನ ಎಳೆಗಳು. ಕೈಯಲ್ಲಿ ಹಿಡಿಯುವ ಕಟರ್‌ನಿಂದ ಸದ್ದಿಲ್ಲದೆ ಕತ್ತರಿಸಬಹುದು. ಸೀಟು ಅಥವಾ ಮುಂದಿನ ಚಕ್ರವನ್ನು ಬಿಗಿಯಲು ಎರಡನೇ ಬೀಗವಾಗಿ ಮಾತ್ರ ಬಳಸಬೇಕು.
* ಸರಪಳಿ: ಹದಗೊಳಿಸಿದ ಗಟ್ಟಿ ಉಕ್ಕಿನದಾದರೆ ಒಳ್ಳೆಯದು. ಆದರೆ ಭಾರ ಹೆಚ್ಚು. ಸರಪಳಿ ಗಟ್ಟಿಯಿದ್ದು ಅದಕ್ಕೆ ಸಣ್ಣ ಬೀಗ ಹಾಕಿದರೆ ಕಳ್ಳ ಬೀಗವನ್ನೇ ಒಡೆಯುತ್ತಾನೆ.
* ಯು-ಲಾಕ್: ಇಂಗ್ಲಿಷಿನ ಯು ಆಕಾರದ ಗಟ್ಟಿ ಉಕ್ಕಿನ ಬೀಗ. ಇದನ್ನು ಮುರಿಯಲು ದೊಡ್ಡ ಸಲಕರಣೆ ಬೇಕು. ಸಾಮಾನ್ಯ ಬಳಕೆಗೆ ಇದೇ ಹೆಚ್ಚು ಸುರಕ್ಷಿತ.

ಬೀಗ ದುಬಾರಿಯಾದ ಮಾತ್ರಕ್ಕೆ ಭದ್ರ ಎನ್ನುವಂತಿಲ್ಲ. 2004ರಲ್ಲಿ ಅಮೆರಿಕದಲ್ಲಿ ಹೆಸರಾಂತ ಕ್ರಿಪ್ಟೋನೈಟ್ ಕಂಪನಿಯ ಕೆಲವು ಯು-ಲಾಕ್‌ಗಳನ್ನು ಸಾಮಾನ್ಯ ಬಾಲ್ ಪೆನ್ನಿನ ಕೊಳವೆಯಿಂದ ತೆರೆಯಬಹುದೆಂದು ಬಯಲಾಗಿ, ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ದುಂಡಗಿನ ಕೊಳವೆಯಾಕಾರದ ಕೀಲಿ ಇರುವ ಅಗ್ಗದ ಬೀಗಗಳು ಈಗಲೂ ಮಾರಾಟಕ್ಕಿವೆ. ಚಪ್ಪಟೆ ಕೀಲಿಯ ಬೀಗ ಆರಿಸುವುದು ಮೇಲು.

ಮಳೆಗಾಲದಲ್ಲಿ ಮುಂಬೈ, ಚೆನ್ನೈನಂಥ ಕರಾವಳಿ ನಗರಗಳ ಉಪ್ಪು ಗಾಳಿಗೆ ಬೀಗದೊಳಗೆ ಬೇಗ ತುಕ್ಕು ಹಿಡಿಯುತ್ತದೆ. ಆಗಾಗ ಒಂದೆರಡು ಹನಿ ಎಣ್ಣೆ ಬಿಟ್ಟರೆ ಕೀಲಿ ಒಳಗೇ ಮುರಿಯುವುದು ತಪ್ಪುತ್ತದೆ. ಕೀಲಿ ರಂಧ್ರ ಕೆಳಮುಖವಾಗಿರುವಂತೆ ಹಾಕಿದರೆ ನೀರೂ ನಿಲ್ಲುವುದಿಲ್ಲ, ಬೀಗದ ಮೇಲೆ ಕೈಚಳಕ ತೋರಿಸುವುದೂ ಕಷ್ಟ.

ಎಲ್ಲಿಗೆ, ಹೇಗೆ ಬಿಗಿಯಬೇಕು?

ಒಳ್ಳೆಯ ಬೀಗ ತಪ್ಪಾಗಿ ಹಾಕಿದರೆ ವ್ಯರ್ಥ. ಮುಂದಿನ ಚಕ್ರವನ್ನು ಮಾತ್ರ ಕಂಬಕ್ಕೆ ಬಿಗಿದರೆ, ಚಕ್ರ ಬಿಚ್ಚಿಟ್ಟು ಉಳಿದ ಸೈಕಲ್ ಒಯ್ಯುತ್ತಾರೆ. ಗೇರ್ ಸೈಕಲ್‌ಗಳ ಚಕ್ರ ಮತ್ತು ಸೀಟಿಗೆ ಕೈಯಿಂದಲೇ ತಿರುಗಿಸುವ ಹಿಡಿಕೆ ಇರುವುದರಿಂದ ಈ ಅಪಾಯ ಹೆಚ್ಚು. ಸೈಕಲ್ ಅಂಗಡಿಯಲ್ಲಿ ಹೇಳಿ ಆ ಹಿಡಿಕೆಯ ಬದಲು ನಟ್ಟು ಹಾಕಿಸಬಹುದು.

ಬೀಗವು ಫ್ರೇಮ್, ಹಿಂದಿನ ಚಕ್ರ ಮತ್ತು ನೆಲಕ್ಕೆ ಹೂತ ಕಬ್ಬಿಣದ ಕಂಬ ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಬೀಗ ಚಿಕ್ಕದಾಗಿದ್ದರೆ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಪ್ರಚಾರಕ್ಕೆ ತಂದ ವಿಧಾನ ಉಪಯುಕ್ತ. ಸೀಟಿನ ಕೆಳಗೆ ಫ್ರೇಮ್‌ನ ಹಿಂಭಾಗದಲ್ಲಿ ಒಂದು ತ್ರಿಕೋನವಿರುತ್ತದೆ. ಆ ತ್ರಿಕೋನದೊಳಗೆ ಹಾದುಹೋಗುವ ಹಿಂದಿನ ಚಕ್ರದ ರಿಮ್ ಮತ್ತು ಟೈರನ್ನು ಕಂಬಕ್ಕೆ ಸೇರಿಸಿ ಯು-ಲಾಕ್ ಹಾಕಿದರೆ ಸಾಕು. ಚಕ್ರ ಆ ತ್ರಿಕೋನದಿಂದ ಹೊರಬರಲಾಗದ ಕಾರಣ ಫ್ರೇಮ್ ಕೂಡ ಸಿಕ್ಕಿಬೀಳುತ್ತದೆ. ಬೀಗದೊಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಸರಳು ತೂರಿಸಿ ಮೀಟುವುದು ಕಷ್ಟ.

ಕಂಬವನ್ನೂ ಒಮ್ಮೆ ಅಲುಗಾಡಿಸಿ ನೋಡಬೇಕು. ಗಿಡ್ಡ ಕಂಬವಾದರೆ ಸೈಕಲನ್ನು ಮೇಲಕ್ಕೆತ್ತಿ ಬಿಡಿಸಿಕೊಳ್ಳಬಹುದು. ಮರದ ಕೊಂಬೆ, ತಂತಿ ಬೇಲಿ, ಸಡಿಲ ಗ್ರಿಲ್ ನಂಬುವಂಥವಲ್ಲ.

ಅಪಾರ್ಟ್‌ಮೆಂಟ್ ಒಳಗೇ ಹೆಚ್ಚು ಎಚ್ಚರ ಬೇಕು

ರಸ್ತೆಯಲ್ಲಿ ಎರಡು ಬೀಗ ಹಾಕುವವರೂ ಸೊಸೈಟಿ ಕಾಂಪೌಂಡ್ ಒಳಗೆ ಬಂದೊಡನೆ ಬೀಗವನ್ನೇ ಮರೆಯುತ್ತಾರೆ. ವಾಚ್‌ಮನ್ ಇದ್ದಾನೆ, ಕ್ಯಾಮೆರಾ ಇದೆ ಎಂಬ ಧೈರ್ಯ. ಆದರೆ ಒಳಗಿನಿಂದ ಸೈಕಲ್ ತುಳಿದುಕೊಂಡು ಹೊರಹೋಗುವವನನ್ನು ಯಾರೂ ತಡೆದು ಕೇಳುವುದಿಲ್ಲ. ಹಳೆಯ ಕ್ಯಾಮೆರಾ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ.

ಹೊರರಾಜ್ಯದ ಕನ್ನಡಿಗರು ದಸರಾಕ್ಕೋ ಬೇಸಿಗೆ ರಜೆಗೋ ಊರಿಗೆ ಹೋದಾಗ ಬೇಸ್‌ಮೆಂಟ್‌ನಲ್ಲಿ ಸೈಕಲ್ ವಾರಗಟ್ಟಲೆ ನಿಲ್ಲುತ್ತದೆ. ದೂಳು ಕುಳಿತು ಗಾಳಿ ಇಳಿದ ಸೈಕಲ್ ನೋಡಿದರೆ ಮಾಲೀಕರು ಇಲ್ಲವೆಂದು ಯಾರಿಗೂ ಗೊತ್ತಾಗುತ್ತದೆ. ಅಂಥ ದಿನಗಳಲ್ಲಿ ಮನೆಯೊಳಗೆ ಇಟ್ಟು ಹೋಗುವುದು ಒಳ್ಳೆಯದು. ಆಗದಿದ್ದರೆ ಕಂಬಕ್ಕೆ ಬಿಗಿದು ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ಬ್ಯಾಟರಿ ಸೈಕಲ್ ಆದರೆ ಬ್ಯಾಟರಿ ಬಿಚ್ಚಿ ಮನೆಯಲ್ಲಿಡಬೇಕು.

ಹತ್ತು ನಿಮಿಷದ ದಾಖಲೆ ಕೆಲಸ

ಪ್ರತಿ ಸೈಕಲ್‌ನ ಫ್ರೇಮ್ ಮೇಲೆ ತಯಾರಕರು ಕೆತ್ತಿದ ಸಂಖ್ಯೆ ಇರುತ್ತದೆ. ಸೈಕಲನ್ನು ತಲೆಕೆಳಗಾಗಿಸಿದರೆ ಪೆಡಲ್‌ಗಳ ನಡುವಿನ ಕೊಳವೆಯ ತಳದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಕೆಲವದರಲ್ಲಿ ಹ್ಯಾಂಡಲ್ ಕೆಳಗೆ ಅಥವಾ ಸೀಟಿನ ಕೊಳವೆಯ ಮೇಲೂ ಇರಬಹುದು. ಇದೇ ಸೈಕಲ್‌ನ ನಿಜವಾದ ಗುರುತು. ಬಣ್ಣ, ಸ್ಟಿಕ್ಕರ್ ಬದಲಿಸುವುದು ಸುಲಭ, ಸಂಖ್ಯೆ ಅಳಿಸುವುದು ಅಷ್ಟು ಸುಲಭವಲ್ಲ.

* ಫ್ರೇಮ್ ಸಂಖ್ಯೆಯ ಸ್ಪಷ್ಟ ಫೋಟೋ ತೆಗೆದು ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.
* ಇಡೀ ಸೈಕಲ್‌ನ ಎರಡೂ ಬದಿಯ ಫೋಟೋ, ಗೀರು, ತಗ್ಗು, ಬದಲಿಸಿದ ಭಾಗಗಳ ಫೋಟೋ ಇರಲಿ.
* ಬಿಲ್ ಜೋಪಾನ ಮಾಡಿ. ಅಂಗಡಿಯವರಿಂದ ಬಿಲ್ ಮೇಲೆಯೇ ಫ್ರೇಮ್ ಸಂಖ್ಯೆ ಬರೆಸಿಕೊಳ್ಳಿ.
* ಸೀಟಿನ ಕೊಳವೆಯೊಳಗೆ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಾಕಿಡಿ.

ಏರ್‌ಟ್ಯಾಗ್‌ನಂಥ ಸಣ್ಣ ಟ್ರ್ಯಾಕರ್ ಅಡಗಿಸಿಡುವವರೂ ಇದ್ದಾರೆ. ಇವು ಸುತ್ತಲಿನ ಫೋನ್‌ಗಳ ನೆರವಿನಿಂದ ಜಾಗ ತಿಳಿಸುತ್ತವೆ. ಆದರೆ ಜೊತೆಯಲ್ಲಿ ಅಪರಿಚಿತ ಟ್ಯಾಗ್ ಇದೆ ಎಂಬ ಎಚ್ಚರಿಕೆ ಕಳ್ಳನ ಫೋನಿಗೂ ಹೋಗಬಹುದು. ಜಾಗ ತಿಳಿದರೂ ಒಬ್ಬರೇ ಹೋಗದೆ ಪೊಲೀಸರೊಂದಿಗೆ ಹೋಗಬೇಕು.

5,000 ರೂಪಾಯಿಯ ಗೆರೆ

ಬಿಲ್ ಏಕೆ ಮುಖ್ಯ ಎಂಬುದು ದೂರು ಕೊಡುವಾಗ ಗೊತ್ತಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ಪ್ರಕಾರ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಆದರೆ ಕಳವಾದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಸೆಕ್ಷನ್ 303ರಡಿ ಅದು ಅಸಂಜ್ಞೇಯ ಅಪರಾಧ. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತು ಅಥವಾ ಅದರ ಬೆಲೆ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಮಾತ್ರ.

ಬಡವರ ಹಳೆಯ ಸೈಕಲ್‌ಗಳು ಬೀಳುವುದು ಬಹುತೇಕ ಈ ಗೆರೆಯ ಕೆಳಗೇ. ಹೆಚ್ಚು ಬೆಲೆಯ ಸೈಕಲ್ ಆದರೂ ಬಿಲ್ ಇಲ್ಲದಿದ್ದರೆ ಮೌಲ್ಯ ತೋರಿಸುವುದು ಕಷ್ಟ. ಅದರ ಜೊತೆಗೇ ಹೋದ ಲೈಟ್, ಬ್ಯಾಗ್, ಬೀಗ ಇತ್ಯಾದಿಗಳನ್ನೂ ದೂರಿನಲ್ಲಿ ಸೇರಿಸಬೇಕು. ಇದ್ದದ್ದಕ್ಕಿಂತ ಹೆಚ್ಚು ಬರೆಯುವುದು ಸಲ್ಲದು.

ವಾಸದ ಕಟ್ಟಡದೊಳಗಿಂದ ಕದ್ದರೆ ಸೆಕ್ಷನ್ 305 ಅನ್ವಯಿಸುತ್ತದೆ. ಅದರಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಹಾಗಾಗಿ ಸೈಕಲ್ ಎಲ್ಲಿತ್ತು ಎಂಬುದನ್ನು ದೂರಿನಲ್ಲಿ ನಿಖರವಾಗಿ ಹೇಳಬೇಕು.

ದೂರು ಕೊಡುವಾಗ ತಿಳಿದಿರಬೇಕಾದದ್ದು

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಸಂಜ್ಞೇಯ ಅಪರಾಧಗಳ ದೂರಿನ ಬಗ್ಗೆ ಹೇಳುತ್ತದೆ. ಅದರಂತೆ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ಬೇರೆ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಸೈಕಲ್ ರೈಲ್ವೆ ನಿಲ್ದಾಣದ ಆವರಣದಲ್ಲಿ ಕಳವಾದರೆ ರೈಲ್ವೆ ಪೊಲೀಸರೋ ನಗರ ಪೊಲೀಸರೋ ಎಂಬ ಗೊಂದಲ ಸಾಮಾನ್ಯ. ಅಲ್ಲಿ ಈ ನಿಯಮ ನೆರವಿಗೆ ಬರುತ್ತದೆ. ಆನ್‌ಲೈನ್‌ನಲ್ಲೂ ಮಾಹಿತಿ ಕೊಡಬಹುದು, ಆದರೆ 3 ದಿನದೊಳಗೆ ಸಹಿ ಹಾಕಬೇಕು. ಬರೆದುಕೊಂಡ ದೂರನ್ನು ಓದಿ ಹೇಳುವುದು ಪೊಲೀಸರ ಕರ್ತವ್ಯ. ಅದು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿದ್ದರೆ ಭಾಷೆ ಬಲ್ಲ ನೆರೆಯವರೊಬ್ಬರನ್ನು ಜೊತೆಗೆ ಕರೆದೊಯ್ದು, ಫ್ರೇಮ್ ಸಂಖ್ಯೆ ಸರಿಯಾಗಿ ಬರೆಯಲಾಗಿದೆಯೇ ಎಂದು ನೋಡಿದ ನಂತರವೇ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಮಹಾರಾಷ್ಟ್ರದಲ್ಲಿ ಎನ್‌ಸಿ, ತಮಿಳುನಾಡಿನಲ್ಲಿ ಸಿಎಸ್‌ಆರ್ ರಸೀದಿ ಕೊಟ್ಟು ಕಳಿಸುವುದುಂಟು. ಇವು ಎಫ್‌ಐಆರ್ ಅಲ್ಲ. ಮೌಲ್ಯ 5,000 ರೂಪಾಯಿ ಅಥವಾ ಹೆಚ್ಚಿದ್ದರೆ ಬಿಲ್ ತೋರಿಸಿ ಎಫ್‌ಐಆರ್ ಕೇಳಬಹುದು. ನಿರಾಕರಿಸಿದರೆ ಎಸ್‌ಪಿ ಅಥವಾ ಡಿಸಿಪಿ ಅವರಿಗೆ ಅಂಚೆ ಮೂಲಕ ಲಿಖಿತ ದೂರು ಕಳಿಸುವ ಅವಕಾಶವಿದೆ. ಮೌಲ್ಯ ಕಡಿಮೆಯಿದ್ದರೂ ದೂರು ಬಿಡಬಾರದು. ಕಳ್ಳ ಸಿಕ್ಕಿಬಿದ್ದಾಗ ಹಲವು ಸೈಕಲ್‌ಗಳು ಒಟ್ಟಿಗೇ ಸಿಗುವುದುಂಟು. ದೂರು ಮತ್ತು ಫ್ರೇಮ್ ಸಂಖ್ಯೆ ಇದ್ದವರು ಮಾತ್ರ ತಮ್ಮದನ್ನು ಗುರುತಿಸಿ, ನ್ಯಾಯಾಲಯದ ಮೂಲಕ ಬಿಡಿಸಿಕೊಳ್ಳಲು ಸಾಧ್ಯ. ಉಳಿದವು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತವೆ.

ಹಳೆಯ ಸೈಕಲ್ ಕೊಳ್ಳುವವರಿಗೂ ಇದೇ ಮಾತು. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಸೆಕ್ಷನ್ 317ರಡಿ 3 ವರ್ಷದವರೆಗೆ ಶಿಕ್ಷೆಯಾಗಬಹುದು. ಫ್ರೇಮ್ ಸಂಖ್ಯೆ ಉಜ್ಜಿದ್ದರೆ, ಬಿಲ್ ಇಲ್ಲದಿದ್ದರೆ, ಬೆಲೆ ತೀರಾ ಕಡಿಮೆಯಿದ್ದರೆ ಬಿಟ್ಟುಬಿಡುವುದೇ ಲೇಸು. ಕೊಳ್ಳುವವರು ಸಂಖ್ಯೆ ಕೇಳಲು ಶುರು ಮಾಡಿದರೆ ಕದ್ದ ಸೈಕಲ್‌ಗೆ ಗಿರಾಕಿ ಸಿಗುವುದು ಕಷ್ಟವಾಗುತ್ತದೆ.