ಎಚ್. ನರಸಿಂಹಯ್ಯ

ಹೊಸೂರು ನರಸಿಂಹಯ್ಯ (6 ಜೂನ್ 1920 – 31 ಜನವರಿ 2005) ಕರ್ನಾಟಕದ ಶಿಕ್ಷಣತಜ್ಞರು, ಭೌತವಿಜ್ಞಾನದ ಪ್ರಾಧ್ಯಾಪಕರು, ಸ್ವಾತಂತ್ರ್ಯ ಹೋರಾಟಗಾರರು ಹಾಗೂ ವಿಚಾರವಾದಿಗಳು. 'ಎಚ್ಚೆನ್' ಎಂದೇ ಪರಿಚಿತರಾಗಿದ್ದ ಇವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಮತ್ತು ವಿಧಾನ ಪರಿಷತ್ತಿನ ಸದಸ್ಯರಾಗಿ ಸೇವೆ ಸಲ್ಲಿಸಿದರು. ಸ್ವಾವಲಂಬನೆ, ಸರಳ ಜೀವನ ಮತ್ತು ಪ್ರಶ್ನಿಸುವ ಮನೋಭಾವ ಗ್ರಾಮೀಣ ಯುವಜನರ ಏಳಿಗೆಗೆ ಅಗತ್ಯವೆಂಬುದು ಇವರ ನಿಲುವಾಗಿತ್ತು.

ಜನನ ಮತ್ತು ಬಾಲ್ಯ

ನರಸಿಂಹಯ್ಯನವರು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿಗೆ ಸೇರಿದ ಹೊಸೂರಿನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಆಗ ಈ ಪ್ರದೇಶವು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿತ್ತು. ಊರಿನಲ್ಲಿ ಮಾಧ್ಯಮಿಕ ಶಾಲೆಯ ನಂತರ ಓದಲು ಅವಕಾಶವಿರಲಿಲ್ಲ. 1935ರಲ್ಲಿ ಪ್ರಯಾಣದ ಖರ್ಚಿಗೂ ಹಣವಿಲ್ಲದೆ, ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ ಬೆಂಗಳೂರನ್ನು ತಲುಪಿದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ವಿದ್ಯಾಭ್ಯಾಸ ಮುಂದುವರಿಸಿದರು. ಆನಿ ಬೆಸೆಂಟ್ ಅವರ ಪ್ರೇರಣೆಯಿಂದ 1917ರಲ್ಲಿ ಆರಂಭವಾಗಿದ್ದ ಈ ಶಾಲೆಯು ರಾಷ್ಟ್ರೀಯ ಶಿಕ್ಷಣದ ಕೇಂದ್ರವಾಗಿತ್ತು. 1936ರಲ್ಲಿ ಶಾಲೆಗೆ ಬಂದ ಗಾಂಧೀಜಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಇವರಿಗೆ ದೊರೆಯಿತು. ಅಂದಿನಿಂದ ಕಡೆಯವರೆಗೂ ಖಾದಿಧಾರಿಗಳಾಗಿ, ಗಾಂಧಿವಾದಿಗಳಾಗಿ ಉಳಿದರು.

ಸ್ವಾತಂತ್ರ್ಯ ಹೋರಾಟ

ಇವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯುತ್ತಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಇವರ ತವರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವಾರು ಮಂದಿ ಹಳ್ಳಿಗರು ಮಡಿದರು. ಮಡಿದವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಇತರರ ಲೆಕ್ಕಕ್ಕೂ ಅಂತರವಿದೆ. ಈ ಘಟನೆಯಿಂದಾಗಿ ವಿದುರಾಶ್ವತ್ಥವು 'ದಕ್ಷಿಣದ ಜಲಿಯನ್‌ವಾಲಾಬಾಗ್' ಎಂದು ಹೆಸರಾಗಿದೆ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನರಸಿಂಹಯ್ಯನವರು ಓದನ್ನು ಬಿಟ್ಟು ಭಾಗವಹಿಸಿ ಸೆರೆವಾಸ ಅನುಭವಿಸಿದರು. ಬಿಡುಗಡೆಯ ನಂತರ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಪೂರ್ಣಗೊಳಿಸಿ, 1946ರಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು.

ಶಿಕ್ಷಣ ಕ್ಷೇತ್ರದ ಸೇವೆ

1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿ ಸೇರಿದ ಇವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು. 1961ರಿಂದ 1972ರವರೆಗೆ ಪ್ರಾಂಶುಪಾಲರಾಗಿದ್ದರು. ಅವಿವಾಹಿತರಾಗಿದ್ದ ಇವರು ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ವಾಸಿಸುತ್ತಿದ್ದರು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ನಗರದ ಶಿಕ್ಷಣ ಸೌಲಭ್ಯವನ್ನು ಹಿಂದುಳಿದ ಪ್ರದೇಶಗಳಿಗೂ ವಿಸ್ತರಿಸಲು ಶ್ರಮಿಸಿದರು. ಮಳೆ ಕಡಿಮೆಯಿರುವ ಬಾಗೇಪಲ್ಲಿಯ ನ್ಯಾಷನಲ್ ಕಾಲೇಜು ಇದಕ್ಕೆ ಉದಾಹರಣೆ. ಇದರಿಂದ ಸುತ್ತಲಿನ ಹಳ್ಳಿಗಳ ಯುವಕ ಯುವತಿಯರಿಗೆ ಊರಿನ ಸಮೀಪದಲ್ಲೇ ಪದವಿ ಶಿಕ್ಷಣ ದೊರೆಯುವಂತಾಯಿತು.

ವೈಜ್ಞಾನಿಕ ಮನೋಭಾವ

ಜನಸಾಮಾನ್ಯರಿಗೆ ವಿಜ್ಞಾನವನ್ನು ತಲುಪಿಸಲು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಇದರ ಆಶ್ರಯದಲ್ಲಿ ಪ್ರತಿ ವಾರ ಉಪನ್ಯಾಸಗಳು ನಡೆದುಬಂದಿವೆ. 1972ರಿಂದ 1977ರವರೆಗೆ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳು ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ವಿಶ್ವವಿದ್ಯಾಲಯದ ವತಿಯಿಂದ ಸಮಿತಿಯೊಂದನ್ನು ರಚಿಸಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದದ್ದು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ವಿಶ್ವವಿದ್ಯಾಲಯವು ನಂಬಿಕೆಯ ವಿಷಯದಲ್ಲಿ ತಲೆಹಾಕಬಾರದೆಂದು ಕೆಲವರು ವಿರೋಧಿಸಿದರೆ, ಪ್ರಶ್ನಿಸುವುದೇ ಶಿಕ್ಷಣದ ತಿರುಳೆಂದು ಇವರು ಸಮರ್ಥಿಸಿಕೊಂಡರು.

ಕೃತಿಗಳು ಮತ್ತು ಗೌರವ

'ಹೋರಾಟದ ಹಾದಿ' ಇವರ ಆತ್ಮಕಥೆ; 'ತೆರೆದ ಮನ' ಲೇಖನಗಳ ಸಂಗ್ರಹ. ಭಾರತ ಸರ್ಕಾರವು 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ನಿಧನರಾದರು.