ಅರಿವಿನ ಕನಸು ಮತ್ತು ಅದರ ಬಳಲಿಕೆ: ಪರಿಹಾರಗಳ ಚರಿತ್ರೆಯ ಒಂದು ನೋಟ

ಕನಸನ್ನು ಕುರಿತು ಕನ್ನಡ ಎರಡು ಕ್ರಿಯಾಪದಗಳನ್ನು ಬಳಸುತ್ತದೆ. ಕನಸು 'ಬೀಳುತ್ತದೆ', ಕನಸನ್ನು 'ಕಾಣುತ್ತೇವೆ'. ಮೊದಲನೆಯ ಪ್ರಯೋಗದಲ್ಲಿ ಮಲಗಿದವನಿಗೆ ಯಾವ ಕರ್ತೃತ್ವವೂ ಇಲ್ಲ. ಎರಡನೆಯದರಲ್ಲಿ ನೋಡುವವನೊಬ್ಬನು ಇದ್ದಾನೆ. ಕನಸು ನಡೆಯುತ್ತಿರುವಾಗಲೇ 'ಇದು ಕನಸು' ಎಂದು ತಿಳಿದಿರುವ ಸ್ಥಿತಿಯಲ್ಲಿ ಈ ಎರಡೂ ಒಟ್ಟಿಗೆ ಸಂಭವಿಸುತ್ತವೆ. ಡಚ್ ಮನೋವೈದ್ಯ ಹಾಗೂ ಸಾಹಿತಿ ಫ್ರೆಡರಿಕ್ ವಾನ್ ಏಡನ್ 1913ರ ತನ್ನ ಪ್ರಬಂಧದಲ್ಲಿ ಇದಕ್ಕೆ ಬಳಸಿದ 'ಲೂಸಿಡ್ ಡ್ರೀಮ್' ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಕನ್ನಡದಲ್ಲಿ ಅದನ್ನು 'ಅರಿವಿನ ಕನಸು' ಎನ್ನಬಹುದು. ಈ ವಿಷಯವನ್ನು ಕುರಿತ ಬರಹಗಳಲ್ಲಿ ಬಹುಪಾಲು ಅದನ್ನು ಒಂದು ಸಿದ್ಧಿಯಾಗಿ, ಅಭ್ಯಾಸದಿಂದ ಪಡೆಯಬೇಕಾದ ಸಂಪತ್ತಾಗಿ ಕಾಣುತ್ತವೆ. ಆದರೆ ಕೆಲವರಿಗೆ ಈ ಅರಿವು ಕರೆಯದೆಯೇ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ. ಮೈ ಮಲಗಿದ್ದರೂ ಮನಸ್ಸು ಕಾವಲು ಕೂತಂತಾಗಿ, ಬೆಳಿಗ್ಗೆ ಅವರು ದಣಿದೇ ಏಳುತ್ತಾರೆ. ಇಂಥ ಬಳಲಿಕೆಗೆ ಬೇರೆ ಬೇರೆ ಕಾಲದ ಜನ ಏನು ಮಾಡಿದರು ಎಂಬುದು ಈ ಲೇಖನದ ಪರಿಶೀಲನೆಯ ವಿಷಯ.

ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯನು ಜನಕನಿಗೆ ಸ್ವಪ್ನವನ್ನು ವಿವರಿಸುವ ಭಾಗ ಈ ದೃಷ್ಟಿಯಿಂದ ಮಹತ್ವದ್ದು. ಮಲಗಿರುವ ಇಂದ್ರಿಯಗಳನ್ನು ತಾನು ಮಲಗದ ಪುರುಷನು ನೋಡುತ್ತಿರುತ್ತಾನೆ ಎಂಬ ಮಾತು ಅಲ್ಲಿದೆ. ವೇದಾಂತದ ವ್ಯಾಖ್ಯಾನಗಳು ಇದನ್ನು ಆತ್ಮದ ಸ್ವಯಂಪ್ರಕಾಶಕ್ಕೆ ಪ್ರಮಾಣವಾಗಿ ಎತ್ತಿಕೊಂಡಿವೆ. ಜಾನಪದ ಅಧ್ಯಯನದ ಕಣ್ಣಿಗೆ ಅದೇ ಭಾಗದ ಇನ್ನೆರಡು ಸಂಗತಿಗಳು ಹೆಚ್ಚು ಬೆಲೆಯುಳ್ಳವು. ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದು, ಸಂಚಾರಕ್ಕೆ ಹೋದವನು ಸರಿಯಾಗಿ ಹಿಂದಿರುಗದಿದ್ದರೆ ಅದಕ್ಕೆ ಚಿಕಿತ್ಸೆ ಕಷ್ಟ ಎಂಬುದು ಒಂದು. ಇದನ್ನು ಉಪನಿಷತ್ತು ತನ್ನ ಸಿದ್ಧಾಂತವಾಗಿ ಹೇಳುವುದಿಲ್ಲ, 'ಹೀಗೆ ಹೇಳುತ್ತಾರೆ' ಎಂದು ಜನರ ಬಾಯಿಗೆ ಬಿಡುತ್ತದೆ. ಅಂದರೆ ಇದು ಆ ಕಾಲದ ಜನಪದ ನಂಬಿಕೆಯ ನೇರ ದಾಖಲೆ. ಇನ್ನೊಂದು, ಆಕಾಶದಲ್ಲಿ ಹಾರಾಡಿ ದಣಿದು, ರೆಕ್ಕೆ ಮಡಚಿ ಗೂಡಿಗೆ ಮರಳುವ ಗಿಡುಗನ ಉಪಮೆ. ಆ ಗೂಡು ಕನಸಿಲ್ಲದ ಗಾಢನಿದ್ರೆ. ಸ್ವಪ್ನವನ್ನು ಇಲ್ಲಿ ವಿಶ್ರಾಂತಿ ಎಂದು ಎಣಿಸಿಲ್ಲ, ಅದು ಹಾರಾಟ. ಅರಿವಿನ ಕನಸಿನಿಂದ ಬಳಲಿದವರ ದೂರೂ ಇದೇ: ಹಾರಾಟ ಮುಗಿಯಿತು, ಗೂಡು ಸಿಗಲಿಲ್ಲ.

ಅದಕ್ಕೂ ಹಿಂದಿನ ಪರಿಹಾರವೆಂದರೆ ಕನಸನ್ನು ಸಾಗಹಾಕುವುದು. ಋಗ್ವೇದದ ಎಂಟನೆಯ ಮಂಡಲದ 47ನೆಯ ಸೂಕ್ತದ ಕೊನೆಯ ಋಕ್ಕುಗಳಲ್ಲಿ ದುಃಸ್ವಪ್ನವನ್ನು ದೂರದ ತ್ರಿತ ಆಪ್ತ್ಯನ ಬಳಿಗೆ ಒಯ್ಯುವಂತೆ ಉಷಸ್ಸನ್ನು ಬೇಡಿಕೊಳ್ಳಲಾಗಿದೆ. ಭಾಗವತದ ಗಜೇಂದ್ರಮೋಕ್ಷದ ಫಲಶ್ರುತಿ ಕೆಟ್ಟ ಕನಸುಗಳ ಶಮನವನ್ನು ಹೇಳುತ್ತದೆ. ನಿದ್ದೆಯಲ್ಲಿ ಬೆಚ್ಚುವ ಮಕ್ಕಳ ತಲೆದಿಂಬಿನ ಕೆಳಗೆ ಕುಡುಗೋಲನ್ನೋ ಕತ್ತಿಯನ್ನೋ ಇಡುವ ಕರ್ನಾಟಕದ ಹಳ್ಳಿಗಳ ರೂಢಿಯೂ ಇದೇ ಸಾಲಿಗೆ ಸೇರುತ್ತದೆ. ಇವನ್ನು ಮೌಢ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ಕನಸನ್ನು ಹೊರಗಿನಿಂದ ಬಂದದ್ದೆಂದು ತಿಳಿಯುವುದರಿಂದ ಕಂಡವನ ಮೇಲೆ ತಪ್ಪು ಬೀಳುವುದಿಲ್ಲ, ಮನೆಯವರೆಲ್ಲ ಅವನ ಜೊತೆಗೆ ನಿಲ್ಲುತ್ತಾರೆ. ಇದು ಸಣ್ಣ ಉಪಕಾರವಲ್ಲ. ಆದರೂ ಕಬ್ಬಿಣ ಹೊರಗಿನದನ್ನು ತಡೆದೀತೇ ಹೊರತು, ಒಳಗೇ ಕುಳಿತು ನೋಡುತ್ತಿರುವವನನ್ನು ಮಲಗಿಸಲಾರದು.

ಇದಕ್ಕೆ ತೀರ ಭಿನ್ನವಾದ ಪರಿಹಾರವೊಂದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ರೀಡ್‌ನ (1710–1796) ಪತ್ರದಲ್ಲಿ ದೊರೆಯುತ್ತದೆ. ರೀಡ್ 1764ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಆಡಮ್ ಸ್ಮಿತ್‌ನ ಸ್ಥಾನಕ್ಕೆ ಬಂದವನು. 1779ರ ಈ ಪತ್ರವನ್ನು ಡೂಗಲ್ಡ್ ಸ್ಟೂವರ್ಟ್ ಮುಂದೆ ರೀಡ್‌ನ ಜೀವನಚರಿತ್ರೆಯಲ್ಲಿ ಪ್ರಕಟಿಸಿದನು. ಸುಮಾರು 14ರ ವಯಸ್ಸಿನಲ್ಲಿ ರೀಡ್‌ನನ್ನು ಹೆಚ್ಚುಕಡಿಮೆ ಪ್ರತಿ ರಾತ್ರಿ ಭಯಂಕರ ಕನಸುಗಳು ಕಾಡುತ್ತಿದ್ದವು. ಪ್ರಪಾತದ ಅಂಚಿನಲ್ಲಿ ನೇತಾಡುವುದು, ಪ್ರಾಣಭಯದಿಂದ ಓಡುವಾಗ ಗೋಡೆ ಅಡ್ಡಬರುವುದು ಇಲ್ಲವೇ ಕಾಲಿನ ಶಕ್ತಿಯೇ ಉಡುಗುವುದು, ಕಾಡುಮೃಗದ ಬಾಯಿಗೆ ಬೀಳುವುದು ಅವುಗಳ ಸ್ವರೂಪ. ಇವೆಲ್ಲ ಕನಸೆಂಬುದನ್ನು ಕನಸಿನಲ್ಲಿಯೇ ನೆನಪಿಸಿಕೊಳ್ಳಬೇಕೆಂದು ಅವನು ಹಗಲಿನಲ್ಲಿ ಸಂಕಲ್ಪಿಸಿದನು. ಮೊದಲ ಯತ್ನಗಳು ವಿಫಲವಾದವು. ಬಳಿಕ ಒಮ್ಮೆ ಪ್ರಪಾತದಿಂದ ಜಾರುತ್ತಿರುವಾಗ ನೆನಪಾಯಿತು; ಧೈರ್ಯದಿಂದ ಕೆಳಗೆ ಹಾರಿದನು, ಶಾಂತಚಿತ್ತನಾಗಿ ಎಚ್ಚರಗೊಂಡನು. ಸ್ವಲ್ಪ ಕಾಲದಲ್ಲೇ ಅವನಿಗೆ ಕನಸು ಬೀಳುವುದೇ ನಿಂತುಹೋಯಿತು. ಅನಂತರ ಸುಮಾರು ನಲವತ್ತು ವರ್ಷ ಒಂದು ಕನಸೂ ತನ್ನ ನೆನಪಿನಲ್ಲಿಲ್ಲ ಎಂದು ಅವನು ಹೇಳಿಕೊಂಡಿದ್ದಾನೆ.

ರೀಡ್‌ನನ್ನು ಅರಿವಿನ ಕನಸಿನ ಆದ್ಯರಲ್ಲಿ ಒಬ್ಬನೆಂದು ಉದಾಹರಿಸುವವರು ಈ ಕೊನೆಯ ಸಂಗತಿಗೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಅವನು ಕನಸಿನೊಳಗೆ ವಿಹರಿಸಲು ಅರಿವನ್ನು ಬಳಸಲಿಲ್ಲ, ಹೊರಬರಲು ಬಳಸಿದನು. ಬಾಗಿಲು ದಾಟಿದ ಮೇಲೆ ಬೀಗದ ಕೈಯನ್ನು ಅಲ್ಲಿಯೇ ಬಿಟ್ಟನು.

ವಾನ್ ಏಡನ್‌ನದು ಕೈಬಿಡದವನ ದಾರಿ. ಟಾಗೋರರ ಗೀತಾಂಜಲಿಯನ್ನು ಡಚ್ ಭಾಷೆಗೆ ತಂದವನೂ ಈತನೇ. 1898ರ ಜನವರಿಯಿಂದ 1912ರ ಡಿಸೆಂಬರ್‌ವರೆಗೆ ತನಗಾದ 352 ಅರಿವಿನ ಕನಸುಗಳನ್ನು ಅವನು ಲೆಕ್ಕವಿಟ್ಟಿದ್ದನು. ಆನಂದದ ವರ್ಣನೆಗಳ ನಡುವೆ ಅವನ ಪ್ರಬಂಧ ಕರಾಳ ಮುಖವನ್ನೂ ಮುಚ್ಚಿಡುವುದಿಲ್ಲ. ಅರಿವಿನ ಕನಸಿನ ಹಿಂದೆಮುಂದೆ ದೆವ್ವಗಳ ಕನಸುಗಳು ಬರುತ್ತಿದ್ದವು. ಅದಕ್ಕಿಂತ ಕಠಿಣವಾದದ್ದು 'ಸುಳ್ಳು ಎಚ್ಚರ': ತನ್ನ ಕೋಣೆಯಲ್ಲಿಯೇ ಎದ್ದಂತೆ ತೋರುತ್ತದೆ, ಸುತ್ತಲಿನದರಲ್ಲಿ ಏನೋ ಸರಿಯಿಲ್ಲ ಎನಿಸುತ್ತದೆ, ತಾನಿನ್ನೂ ನಿದ್ದೆಯಲ್ಲಿದ್ದೇನೆಂದು ತಿಳಿದು ಭಯವಾಗುತ್ತದೆ.

ಟಿಬೆಟಿನ ಸ್ವಪ್ನಯೋಗ ನಾರೋಪನ ಆರು ಧರ್ಮಗಳಲ್ಲಿ ಒಂದು. ಅದು ಅರಿವನ್ನು ಗಾಢನಿದ್ರೆಯೊಳಕ್ಕೂ ಒಯ್ಯಲು ಬಯಸುತ್ತದೆ. ಆದರೆ ಅಲ್ಲಿ ದೀಕ್ಷೆಯಿದೆ, ಗುರುವಿದ್ದಾನೆ, ಕ್ರಮವಿದೆ. ಬೇಡದೆ ಅರಿವು ಬಂದವನಿಗೆ ಈ ಯಾವ ಆಸರೆಯೂ ಇರುವುದಿಲ್ಲ. ಆದ್ದರಿಂದ ಒಬ್ಬರ ಸಾಧನೆಯನ್ನು ಇನ್ನೊಬ್ಬರ ಬಾಧೆಗೆ ಮದ್ದಾಗಿ ಸೂಚಿಸುವುದು ಸರಿಯಲ್ಲ.

1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ನಿದ್ರಿಸುತ್ತಿದ್ದ ಅಲನ್ ವರ್ಸ್ಲಿ ಮೊದಲೇ ಒಪ್ಪಿಕೊಂಡಂತೆ ಕಣ್ಣು ಹೊರಳಿಸಿ ಕೊಟ್ಟ ಸಂಕೇತಗಳನ್ನು ಯಂತ್ರದಲ್ಲಿ ದಾಖಲಿಸಿದರು. ಅದರಿಂದ ಅರಿವಿನ ಕನಸು ಬರಿಯ ಕಟ್ಟುಕಥೆಯಲ್ಲವೆಂದು ಸಿದ್ಧವಾಯಿತು. ಕಣ್ಣಾಲಿಗಳು ವೇಗವಾಗಿ ಚಲಿಸುವ ನಿದ್ರೆಯಲ್ಲಿ ಇದು ಹೆಚ್ಚು. ಆ ನಿದ್ರೆ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಯ ಹಿಂದೆ ಆ ಹೊತ್ತಿನ ಕನಸುಗಳ ಈ ಸ್ಪಷ್ಟತೆಯೂ ಇದ್ದಿರಬಹುದು. 2009ರಲ್ಲಿ ಉರ್ಸುಲಾ ವೋಸ್ ಮತ್ತು ಸಂಗಡಿಗರು ಈ ಸ್ಥಿತಿಯಲ್ಲಿ ಮಿದುಳಿನ ಮುಂಭಾಗ ಎಚ್ಚರವನ್ನು ಹೋಲುವಂತೆ ಕೆಲಸಮಾಡುವುದನ್ನು ತೋರಿಸಿದರು. ಅರಿವಿನ ಕನಸನ್ನು ಬೆಳೆಸಿಕೊಳ್ಳುವುದು ಒಳ್ಳೆಯದೇ ಎಂಬ ಪ್ರಶ್ನೆಯನ್ನು 2019ರಲ್ಲಿ ರಾಫೇಲ್ ವಲ್ಲಾ ಮತ್ತು ಪೆರಿನ್ ರುಬಿ ಎತ್ತಿದರು.

ಈ ಪ್ರಶ್ನೆ ತಡವಾಗಿ ಬಂದಿತೆಂದೇ ಹೇಳಬೇಕು. ನಡುರಾತ್ರಿ ಎದ್ದು ಮತ್ತೆ ಮಲಗುವಂಥ ಅಭ್ಯಾಸಗಳು ನಿದ್ರೆಯನ್ನು ತುಂಡರಿಸುತ್ತವೆ. ಬಳಲಿದವರು ಮೊದಲು ಅವನ್ನು ನಿಲ್ಲಿಸಬೇಕು. ಕನಸಿನ ದಿನಚರಿ ಬರೆಯುವುದನ್ನೂ, ಹಗಲೆಲ್ಲ 'ಇದು ಕನಸೇ' ಎಂದು ಪರೀಕ್ಷಿಸುವುದನ್ನೂ ಬಿಡುವುದು ಲೇಸು. ಕನಸಿನೊಳಗೆ ಹೆಣಗುವುದಕ್ಕಿಂತ ಹಗಲಿನ ಕೆಲಸ ಫಲಕಾರಿ ಎನ್ನಲು ಆಧಾರವಿದೆ. ದುಃಸ್ವಪ್ನದ ಕಥೆಯನ್ನು ಎಚ್ಚರದಲ್ಲಿ ಬದಲಿಸಿಕೊಂಡು ಮನಸ್ಸಿನಲ್ಲಿ ದಿನವೂ ತಾಲೀಮು ಮಾಡುವ ಚಿಕಿತ್ಸೆ ಪರಿಣಾಮಕಾರಿಯೆಂದು ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ರೀಡ್‌ನ ಹಗಲಿನ ಸಂಕಲ್ಪ ಇದಕ್ಕೆ ದೂರದ ಪೂರ್ವಜ. ಹಗಲಿನಲ್ಲಿಯೂ ತಡೆಯಲಾಗದ ತೂಕಡಿಕೆ ಇದ್ದರೆ ವಿಷಯ ಬೇರೆಯಾಗುತ್ತದೆ. ನಾರ್ಕೊಲೆಪ್ಸಿ ಎಂಬ ನಿದ್ರಾರೋಗವುಳ್ಳವರಲ್ಲಿ ಅರಿವಿನ ಕನಸುಗಳು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಅಂಥವರು ತಜ್ಞ ವೈದ್ಯರ ಬಳಿಗೆ ಹೋಗಬೇಕು. ವೈದ್ಯರೂ ಎಷ್ಟು ಗಂಟೆ ಮಲಗಿದಿರಿ ಎಂಬುದರ ಜೊತೆಗೆ ನಿದ್ದೆಯಲ್ಲಿ ಏನಾಗುತ್ತಿತ್ತು ಎಂಬುದನ್ನೂ ಕೇಳಬೇಕು.